ಬಿಲ್ಲೆಯ ಅಂಚಿನ ಹೆಸರು

ರಾಯದುರ್ಗ ನನ್ನ ಹುಟ್ಟೂರು. ನೌಕರಿ ಮಡಕಶಿರಾ ಕಡೆಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ. ಬಸ್ಸು ಪಾವಗಡದ ಸೀಮೆಯನ್ನು ಹಾಯ್ದು ಬರುವುದರಿಂದ, ಒಂದೇ ಪ್ರಯಾಣದಲ್ಲಿ ಆಂಧ್ರವನ್ನು ಬಿಟ್ಟು ಕರ್ನಾಟಕವನ್ನು ಹೊಕ್ಕು ಮತ್ತೆ ಆಂಧ್ರಕ್ಕೆ ಮರಳುವ ಯೋಗ ನಮ್ಮಂಥವರದು. ಮೂರು ವರ್ಷದ ಹಿಂದೆ ಬೇಸಿಗೆ ರಜೆಗೆಂದು ಊರಿಗೆ ಹೋಗಿದ್ದಾಗ, ಹಳೆಯ ತಾಮ್ರ ಹಿತ್ತಾಳೆ ಕೊಳ್ಳುವ ಅಂಗಡಿಯೊಂದರ ತಕ್ಕಡಿಯ ತಟ್ಟೆಯಲ್ಲಿ ಬೆಳ್ಳಿಯದೊಂದು ಬಿಲ್ಲೆ ಕಣ್ಣಿಗೆ ಬಿತ್ತು. ಒಂದು ಮಗ್ಗುಲಲ್ಲಿ ಐದನೆಯ ಜಾರ್ಜ್ ದೊರೆಯ ಮುಖ. ಇನ್ನೊಂದು ಮಗ್ಗುಲಲ್ಲಿ ಕುದುರೆಯೇರಿದ ಬೆತ್ತಲೆ ಯೋಧ, ಕುದುರೆಯ ಕಾಲ ಕೆಳಗೆ ಶತ್ರುವಿನ ಗುರಾಣಿ, ಪಕ್ಕದಲ್ಲಿ 1914, 1918 ಎಂಬ ಅಂಕಿಗಳು. ಅಂಗಡಿಯವರು ಅದನ್ನು ಕರಗಿಸುವವರಿಗೆ ಕೊಡಲು ಎತ್ತಿಟ್ಟಿದ್ದರು. ಬೆಳ್ಳಿಯ ತೂಕದ ಬೆಲೆಯ ಮೇಲೆ ನೂರು ರೂಪಾಯಿ ಹೆಚ್ಚು ಕೊಟ್ಟು ಕೊಂಡುಕೊಂಡೆ.

ಓದುಗರು ನಕ್ಕಾರು. ಐವತ್ತು ದಾಟಿದ ಮೇಷ್ಟ್ರಿಗೆ ಪರದೇಶದ ದೊರೆಯ ಬಿಲ್ಲೆಯ ಮೇಲೆ ಇದೆಂಥ ಮೋಹ ಎಂದು ಮನೆಯಾಕೆಯೂ ಕೇಳಿದ್ದುಂಟು. ಶಿಕ್ಷಕರ ತರಬೇತಿಯ ಕಾಲದಲ್ಲಿ ನಮ್ಮ ಗುರುಗಳೊಬ್ಬರು, ಪಾಠೋಪಕರಣಗಳನ್ನು ಪೇಟೆಯಲ್ಲಿ ಕೊಳ್ಳಬೇಡಿ, ಊರಿನಲ್ಲಿ ಹುಡುಕಿ ಎನ್ನುತ್ತಿದ್ದರು. ಹಾಗೆ ಹಳೆಯ ನಾಣ್ಯಗಳಿಂದ ಆರಂಭವಾದ ಹುಡುಕಾಟ ಪದಕಗಳಿಗೆ ಬಂದು ನಿಂತಿತು. ಆಗ ನನ್ನಲ್ಲಿದ್ದವು ಹತ್ತು, ಎಲ್ಲವೂ ಎರಡನೆಯ ಮಹಾಯುದ್ಧದವು. ಆರು ಕೋನಗಳ ಬರ್ಮಾ ಸ್ಟಾರ್ ಒಂದಿದೆ. ಸಿಂಹವು ಘಟಸರ್ಪವನ್ನು ಮೆಟ್ಟಿ ನಿಂತ ಯುದ್ಧಪದಕಗಳು ನಾಲ್ಕಿವೆ. ಅವುಗಳಲ್ಲಿ ಬೆಳ್ಳಿ ಇಲ್ಲ, ತಾಮ್ರ ಮತ್ತು ನಿಕಲ್ಲಿನ ಮಿಶ್ರಣ. ಆದ್ದರಿಂದಲೇ ಮನೆಗಳಲ್ಲಿ ಉಳಿದುಕೊಂಡಿವೆ. ಮೊದಲನೆಯ ಯುದ್ಧದ ಬೆಳ್ಳಿಯ ಪದಕದ ಕಥೆ ಬೇರೆ. ಎಲ್ಲ ದೇಶಗಳ ಸಿಪಾಯಿಗಳಿಗೂ ಸೇರಿ ಸುಮಾರು 65 ಲಕ್ಷ ಪದಕಗಳನ್ನು ಹಂಚಿದರಂತೆ. ಕೂಲಿಪಡೆಗಳವರಿಗೆ ಮಾತ್ರ ಕಂಚಿನವು, ಸುಮಾರು 1,10,000. (ಮಣ್ಣು ಹೊತ್ತವನಿಗೆ ಕಂಚು, ಬಂದೂಕು ಹೊತ್ತವನಿಗೆ ಬೆಳ್ಳಿ.) ಒಂದೊಂದರಲ್ಲೂ ಮೂರು ತೊಲಕ್ಕೆ ತುಸು ಕಡಿಮೆ ಬೆಳ್ಳಿ. ಮಳೆ ಕೈಕೊಟ್ಟ ನಮ್ಮ ಸೀಮೆಯಲ್ಲಿ ಮೂರು ತೊಲ ಬೆಳ್ಳಿ ಎಷ್ಟು ದಿನ ಪೆಟ್ಟಿಗೆಯಲ್ಲಿ ಉಳಿದೀತು? ನಮ್ಮಲ್ಲೇ ಏನು, 1980ರಲ್ಲಿ ಬೆಳ್ಳಿಯ ಬೆಲೆ ಗಗನಕ್ಕೇರಿದಾಗ ಇಂಗ್ಲೆಂಡಿನಲ್ಲಿಯೂ ಇವು ರಾಶಿರಾಶಿಯಾಗಿ ಮೂಸೆಗೆ ಬಿದ್ದವು.

ಪದಕದ ಜೀವ ಮುಖದಲ್ಲಿಲ್ಲ, ಅಂಚಿನಲ್ಲಿದೆ. ಒಂದೆಳೆ ಅಗಲದ ಆ ಅಂಚಿನ ಸುತ್ತ ಸಿಪಾಯಿಯ ಸಂಖ್ಯೆ, ದರ್ಜೆ, ಹೆಸರು, ದಳ ಇಷ್ಟನ್ನೂ ಇಂಗ್ಲಿಷಿನಲ್ಲಿ ಒತ್ತಿರುತ್ತಾರೆ. ಈಗ ಈ ಪದಕಗಳಿಗೆ ಬೆಲೆ ಬಂದಿರುವುದರಿಂದ ಮೋಸವೂ ಬಂದಿದೆ. ಇದ್ದ ಹೆಸರನ್ನು ಅರದಿಂದ ಉಜ್ಜಿ, ಹೆಸರಾದ ದಳದವನೊಬ್ಬನ ಹೆಸರನ್ನು ಕೊರೆದು ಮಾರುತ್ತಾರೆ. ಅಳೆದು ನೋಡಿದರೆ ಗುಟ್ಟು ರಟ್ಟಾಗುತ್ತದೆ: ಪದಕದ ಅಡ್ಡಳತೆ 36 ಮಿಲಿಮೀಟರು ಇರಬೇಕು, ಅರ ತಗಲಿದ್ದರೆ ಅಷ್ಟಿರುವುದಿಲ್ಲ. ನಾನು ಕೊಂಡದ್ದನ್ನು ಅಳೆದೆ, ಅಳತೆಯಲ್ಲಿ ದೋಷವಿರಲಿಲ್ಲ. ಆದರೂ ಅಂಚು ಸವೆದಿತ್ತು. ಭೂತಗನ್ನಡಿ ಹಿಡಿದು ನೋಡಿದಾಗ ಸಂಖ್ಯೆ ಸಿಕ್ಕಿತು, ಸಿಪಾಯಿ ಎಂಬುದು ಸಿಕ್ಕಿತು, ಕೊನೆಯಲ್ಲಿ ‘61 ಪಯನಿಯರ್ಸ್’ ಎಂಬುದೂ ಸಿಕ್ಕಿತು. ನಡುವಿನ ಹೆಸರಿನಲ್ಲಿ ಮೊದಲ ಎರಡು ಅಕ್ಷರಗಳ ಹೊರತು ಏನೂ ಉಳಿದಿರಲಿಲ್ಲ.

ನಮ್ಮ ಗಡಿನಾಡಿನ ಮನೆಗಳಲ್ಲಿ ಮೊದಲ ಮಹಾಯುದ್ಧವೆಂದರೆ ಮೈಸೂರು ಲ್ಯಾನ್ಸರ್ಸ್ ಎಂದೇ ಮಾತು. ಸುಳ್ಳಲ್ಲ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ಕೂಡಿ, ಭರ್ಜಿ ಹಿಡಿದು ಕುದುರೆಗಳನ್ನೋಡಿಸಿ ಹೈಫಾ ಪಟ್ಟಣವನ್ನು ಗೆದ್ದವರು ಅವರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. 1922ರಿಂದ ಅಲ್ಲಿ ನಿಂತಿದೆ. ಆದರೆ ರಾಯದುರ್ಗ, ಮಡಕಶಿರಾಗಳು ಅಂದು ಮೈಸೂರಿನವಲ್ಲ, ಮದ್ರಾಸ್ ಆಧಿಪತ್ಯದವು. ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿದ್ದು 1953ರಲ್ಲಿ ಆಂಧ್ರಕ್ಕೆ, ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ 2022ರಲ್ಲಿ ಅನಂತಪುರವನ್ನೂ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯದಾಯಿತು. ಹೀಗೆ ಕೈಬದಲಾದ ಊರುಗಳ ಸಿಪಾಯಿಗಳನ್ನು ತಮ್ಮವರೆಂದು ಲೆಕ್ಕ ಹಾಕುವವರು ಯಾರು? ಭಾರತದಿಂದ ಆ ಯುದ್ಧಕ್ಕೆ ಹದಿಮೂರು ಲಕ್ಷ ಜನ ಸೇವೆ ಸಲ್ಲಿಸಿದರೆಂದೂ 74,000ಕ್ಕೂ ಹೆಚ್ಚು ಮಂದಿ ಮಡಿದರೆಂದೂ ಮಕ್ಕಳಿಗೆ ಪಾಠ ಹೇಳುತ್ತೇನೆ. ಆ ಲೆಕ್ಕದೊಳಗೆ ನಮ್ಮ ಓಣಿಯವನೊಬ್ಬ ಇದ್ದಾನೆಂದು ಹೇಳಲು ನನ್ನಲ್ಲಿ ಅಲ್ಲಿಯ ವರೆಗೆ ಏನೂ ಇರಲಿಲ್ಲ.

ಪಯನಿಯರ್ಸ್ ಎಂದರೆ ಬಂದೂಕಿನ ಜೊತೆಗೆ ಹಾರೆ ಗುದ್ದಲಿಯನ್ನೂ ಹೊತ್ತವರು. ದಾರಿ ಮಾಡುತ್ತ ಮುಂದೆ ಹೋಗಿ, ಬೇಕಾದಾಗ ಕಾದಾಡುವವರು. ಮದ್ರಾಸಿನ ಈ ದಳಗಳನ್ನು 1933ರಲ್ಲಿ ವಿಸರ್ಜಿಸಿದರು. ಬೆಂಗಳೂರಿನ ಬ್ರಿಗೇಡ್ ರಸ್ತೆಯ ಕೊನೆಯಲ್ಲಿರುವ ಸ್ಮಾರಕ ಅವರದೇ. ಅದರ ಮುಂದೆ ನಾನು ಎಷ್ಟು ಸಲ ಬಸ್ಸಿಗೆ ಓಡಿದ್ದೇನೋ, ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. 61ನೆಯ ದಳ 1914ರ ನವೆಂಬರಿನಲ್ಲಿ ಪೂರ್ವ ಆಫ್ರಿಕದ ಟಾಂಗಾ ಬಂದರಿನಲ್ಲಿ ಇಳಿದಿತ್ತು. ಎಂಟು ಸಾವಿರ ಜನರ ಸೈನ್ಯ ಸಾವಿರದಷ್ಟು ಜನರ ಜರ್ಮನ್ ಪಡೆಯ ಮುಂದೆ ಸೋತು ಮತ್ತೆ ಹಡಗು ಹತ್ತಿತು. ಆ ಕಾಳಗದ ನಡುವೆ ಮರಗಳಲ್ಲಿದ್ದ ಹೆಜ್ಜೇನು ಗುಂಡಿನ ಸದ್ದಿಗೆ ಕೆರಳಿ ಎರಡೂ ಕಡೆಯವರ ಮೇಲೆರಗಿದ್ದರಿಂದ, ಅದಕ್ಕೆ ಜೇನುಗಳ ಕಾಳಗವೆಂಬ ಹೆಸರೇ ನಿಂತಿದೆ.

ಇಷ್ಟನ್ನೆಲ್ಲ ಓದಿ ತಿಳಿದುಕೊಂಡೆನೇ ಹೊರತು, ಮಾಡಬೇಕಾದ ಕೆಲಸ ಮಾಡಲಿಲ್ಲ. ಬಿಲ್ಲೆಯನ್ನು ತಂದುಕೊಟ್ಟವನು ರಾಯದುರ್ಗದ ಜೀನ್ಸ್ ಹೊಲಿಗೆಯ ಕಾರ್ಖಾನೆಯೊಂದರಲ್ಲಿ ದುಡಿಯುವ ಹುಡುಗನೆಂದೂ ಅವನ ಊರು ಇಂಥದ್ದೆಂದೂ ಅಂಗಡಿಯವರು ಅಂದೇ ಹೇಳಿದ್ದರು. ಆ ಊರು ನನ್ನ ಶಾಲೆಯಿಂದ ಐದು ಮೈಲಿ. ಹೋದರೆ ಬಿಲ್ಲೆ ಕೈಬಿಡುತ್ತದೆಂದು ಗೊತ್ತಿತ್ತು. ಬೆಳ್ಳಿಯ ಪದಕ ಮತ್ತೊಂದು ನನಗೆ ಸಿಕ್ಕುವ ಆಸೆಯಿರಲಿಲ್ಲ. ಎಂಟು ತಿಂಗಳು ಅದನ್ನು ಬೀರುವಿನಲ್ಲಿಟ್ಟುಕೊಂಡೆ. ಹಣ ಕೊಟ್ಟು ಕೊಂಡದ್ದು, ಕರಗಿ ಹೋಗುವುದನ್ನು ಉಳಿಸಿದ್ದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೂರು ವರ್ಷ ತುಂಬಿದ ಐತಿಹಾಸಿಕ ವಸ್ತುಗಳನ್ನು ಪರವಾನಗಿಯಿಲ್ಲದೆ ಪರದೇಶಕ್ಕೆ ಸಾಗಿಸಬಾರದೆಂದು 1972ರ ಕಾಯಿದೆ ಹೇಳುತ್ತದೆ. ನಾನೇನು ಸಾಗಿಸುತ್ತಿದ್ದೇನೆಯೇ ಎಂದೂ ವಾದ ಹೂಡಿದೆ. ಲೋಭಕ್ಕೆ ಕಾಯಿದೆಯೂ ಆಸರೆಯಾಗುತ್ತದೆ.

ಕೊನೆಗೆ ಮನಸ್ಸು ತಿರುಗಿಸಿದ್ದು ಮಕ್ಕಳನ್ನು ಹೇಮಾವತಿಗೆ ಕರೆದುಕೊಂಡು ಹೋದ ದಿನ. ಅದು ನೊಳಂಬರ ರಾಜಧಾನಿಯಾಗಿದ್ದ ಊರು. ಆ ಸೀಮೆಯ ವೀರಗಲ್ಲುಗಳ ಮಾತು ಬಂದಾಗ, ಸತ್ತವನ ಹೆಸರನ್ನು ಕಲ್ಲಿನ ಮೇಲೆ ಕನ್ನಡದಲ್ಲಿ ಬರೆಸುತ್ತಿದ್ದರು ಎಂದೆ. ಆರನೆಯ ತರಗತಿಯ ಹುಡುಗಿಯೊಬ್ಬಳು, “ಆ ಕಲ್ಲನ್ನು ಯಾರ ಮನೇಲಿ ಇಡ್ತಿದ್ರು ಸಾರ್?” ಎಂದು ಕೇಳಿದಳು. “ಯಾರ ಮನೆಯಲ್ಲೂ ಇಲ್ಲಮ್ಮ, ಅವನ ಊರಲ್ಲೇ ನಿಲ್ಲಿಸುತ್ತಿದ್ದರು” ಎಂದವನಿಗೆ ಮುಂದಿನ ಮಾತು ಹೊರಡಲಿಲ್ಲ.

ಆ ಭಾನುವಾರವೇ ಹೋದೆ. ಮನೆಯಲ್ಲಿದ್ದವರು ಎಂಬತ್ತು ದಾಟಿದ ಅಜ್ಜಿಯೊಬ್ಬರೇ. ಜಗಲಿಯ ಮೇಲೆ ಚಾಪೆ ಹಾಸಿ, “ಕೂತ್ಕಳಿ ಮೇಷ್ಟ್ರೇ” ಎಂದರು. ಬಿಲ್ಲೆಯನ್ನು ಕೈಗಿತ್ತಾಗ ಬಹಳ ಹೊತ್ತು ಮಾತಾಡದೆ ಅಂಗೈಯಲ್ಲಿ ತೂಗಿದರು. ಸುಣ್ಣ ಬಳಿಯುವಾಗ ಎಲ್ಲಿಯೋ ಬಿತ್ತೆಂದು ತಿಳಿದಿದ್ದರಂತೆ. “ಎಲ್ಲಿ ಸಿಕ್ತು?” ಎಂದರು. ರಾಯದುರ್ಗದಲ್ಲಿ ಎಂದೆ; ಮೊಮ್ಮಗನ ಮಾತನ್ನೆತ್ತಲಿಲ್ಲ. “ಅವನು ಪ್ಯಾಂಟು ಹೊಲಿಯೋದು ಅಲ್ಲೇಯಾ” ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಆ ಮೇಲೆ ಅದರ ಮಾತು ಬರಲಿಲ್ಲ.

ಬಿಲ್ಲೆಯ ಒಡೆಯ ಅವರ ಗಂಡನ ತಾತ. ಅಜ್ಜಿ ಸೊಸೆಯಾಗಿ ಬಂದಾಗ ಮುದುಕ ಇನ್ನೂ ಬದುಕಿದ್ದನಂತೆ. “ಯುದ್ಧದಾಗೆ ಜೇನು ಅಟ್ಟಿಸ್ಕೊಂಡ್ ಬಂತು ಅಂತಿತ್ತು ಮುದುಕ. ಗುಂಡಿಗೆ ಹೆದರ್ಲಿಲ್ಲ, ಜೇನಿಗೆ ಓಡಿದ್ವಿ ಅಂತ. ನಾವೆಲ್ಲ ಬಿದ್ದುಬಿದ್ದು ನಗ್ತಿದ್ವಿ. ವಯಸ್ಸಾಗಿ ಬುದ್ಧಿ ಕೆಟ್ಟೈತೆ ಅಂತ ನಮ್ಮತ್ತೆ ಅಂತಿದ್ರು.”

ಟಾಂಗಾದ ಕಥೆಯನ್ನು ಹೇಳಿದೆ. ಅಜ್ಜಿ ಎರಡು ಸಲ ಹೇಳಿಸಿಕೊಂಡರು.

ಹೆಸರನ್ನು ಕೇಳಿದಾಗ ಮಾತ್ರ ತೊಡಕಾಯಿತು. ಮನೆಯ ಹಿರಿಯರ ಹೆಸರನ್ನು ಸೊಸೆಯಾದವಳು ಹೇಳುವಂತಿಲ್ಲ; ಹೇಳದೆ ಹೇಳದೆ ಅದು ಅವರಿಗೆ ಮರೆತೇ ಹೋಗಿತ್ತು. ಎಲ್ಲರೂ ಕರೆಯುತ್ತಿದ್ದುದು ದಂಡಿನ ತಾತ ಎಂದು. ಅಂಚು ಹೇಗೆ ಸವೆಯಿತೆಂದು ಕೇಳಿದೆ. ಯುಗಾದಿಗೂ ದೀಪಾವಳಿಗೂ ತಾವೇ ಹುಣಿಸೆಹುಳಿ ಹಚ್ಚಿ, ಬೂದಿಯಲ್ಲಿ ತಿಕ್ಕಿ, ದೇವರ ಗೂಡಿನಲ್ಲಿಡುತ್ತಿದ್ದೆನೆಂದರು. ಅರವತ್ತು ವರ್ಷ. ಹೆಸರು ಅಳಿಸಿದ್ದು ಅದರಿಂದಲೇ ಎಂದು ಹೇಳಲು ನನಗೆ ನಾಲಗೆ ಬರಲಿಲ್ಲ.

ಗೋಡೆಯ ಮೇಲೆ ದೇವರ ಪಟವೊಂದಿತ್ತು. ಅದರ ಮರದ ಚೌಕಟ್ಟಿನ ನೆತ್ತಿಗೆ ಅಲಂಕಾರಕ್ಕೆಂದು ಮೊಳೆಗಳ ಆಸರೆಯಲ್ಲಿ ಕೂರಿಸಿದ ಕಂಚಿನ ನಕ್ಷತ್ರ: ನಾಲ್ಕು ಕೋನ, ಅಡ್ಡಲಾಗಿ ಎರಡು ಕತ್ತಿ, ನಡುವೆ 1914–15. ಅಪ್ಪಣೆ ಕೇಳಿ ಮೊಳೆಗಳನ್ನು ಸಡಿಲಿಸಿದೆ. ಆ ನಕ್ಷತ್ರದ ಹೆಸರು ಬೆನ್ನಿನ ಮೇಲಿರುತ್ತದೆ; ಬೆನ್ನು ಮರಕ್ಕೆ ಅಂಟಿಕೊಂಡಿದ್ದರಿಂದ ಹುಣಿಸೆಯೂ ಬೂದಿಯೂ ಅಲ್ಲಿಗೆ ಮುಟ್ಟಿರಲಿಲ್ಲ. ಅದೇ ಸಂಖ್ಯೆ, ಅದೇ ದಳ, ನಡುವೆ ಇಡೀ ಹೆಸರು. ಇಂಗ್ಲಿಷಿನ ಗುಮಾಸ್ತನ ಕೈಯಲ್ಲಿ ತುಸು ಸೊಟ್ಟಗಾಗಿತ್ತು, ಅಷ್ಟೆ. ಓದಿ ಹೇಳಿದೆ. ಅಜ್ಜಿ ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದು ನಿಂತರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಶಾಲೆಯ ಗೋಡೆಯ ಮೇಲೆ ಅವರ ಒಪ್ಪಿಗೆ ಪಡೆದು ಬರೆಸಿದ್ದೇನೆ.

ಹೊರಡುವಾಗ ಮೇಷ್ಟ್ರತನ ಬಿಡಲಿಲ್ಲ. “ಅಜ್ಜೀ, ಇನ್ನು ಇದನ್ನು ತಿಕ್ಕಬೇಡಿ. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಡಿ, ಕಪ್ಪಾದರೂ ಚಿಂತೆಯಿಲ್ಲ” ಎಂದೆ.

“ಹಬ್ಬದ ದಿನ ಬೆಳಗದೆ ದೇವರ ಮುಂದೆ ಹೆಂಗ್ ಇಡ್ಲಿ ಮೇಷ್ಟ್ರೇ?” ಎಂದರು.