ನುಡಿನಮನಕ್ಕೆ ಮೊದಲು

ಡಿಸೆಂಬರ್ 3, ಮಂಗಳವಾರ. ಶಿಗ್ಲಿ
ಮನೆ ತುಂಬ ಮಂದಿ. ಭಾನುವಾರ ಕಾಕಾನ ನುಡಿನಮನವಂತೆ. ನಾನೇ ಬರೆದು ಓದಬೇಕಂತೆ. "ಓದಿದಾಕಿ ಅದಿ, ನಾಕು ಚಲೋ ಮಾತು ಬರಿಯವಾ" ಎಂದರು ಓಣಿಯ ಹಿರಿಯರು. ಕಾಕಾನಿಗೆ ಹೊಗಳಿಕೆ ಕಂಡರೆ ಆಗುತ್ತಿರಲಿಲ್ಲ. ಇನ್ನೊಬ್ಬರನ್ನು ಹೊಗಳಿದ್ದಂತೂ ನಾನು ಕೇಳೇ ಇಲ್ಲ.

ರಾತ್ರಿ
ಮಗ್ಗದ ಮನೆಯ ಹುಡುಗ ಹರಿಹರದ ಮೈಸೂರು ಕಿರ್ಲೋಸ್ಕರ್ ಸೇರಿ ಮ್ಯಾನೇಜರ್ ಆದ. ಬಂದವರೆಲ್ಲ ಇದನ್ನೇ ಹೇಳುತ್ತಾರೆ. 1941ರಲ್ಲಿ ಶುರುವಾದ ಲೇತ್ ಕಾರ್ಖಾನೆ ಅದು. ಸೂಟಿಗೆ ಹೋದಾಗ ನಮಗೆ ಹೊಳೆ ಬೇಕಿತ್ತು. ಕಾಕಾ ನಮ್ಮನ್ನು ಕೂಡಿಸಿಕೊಂಡು ಮೈಕ್ರೋಮೀಟರ್ ಹಿಡಿಯುವುದು ಕಲಿಸಿದ. ತಲೆಗೂದಲಿನ ದಪ್ಪ ಅಳೆಯಿಸಿದ. ಆಗ ಅಳು ಬಂದಿತ್ತು.

ಡಿಸೆಂಬರ್ 4
ಪಕ್ಕದ ಮನೆಯವರು ಬಂದಿದ್ದರು. ಅವರ ಮಗ್ಗದಲ್ಲಿ ಎಳಿ ಕಡಿಯುವುದು ನಿಲ್ಲುತ್ತಿರಲಿಲ್ಲವಂತೆ. ಕಾಕಾ ಲಾಳಿ ಹಿಡಿದು ಅಂಚಿನುದ್ದಕ್ಕೂ ಉಗುರು ಆಡಿಸಿದ. ತುದಿಯ ಹತ್ತಿರ ಉಗುರು ಸಿಕ್ಕಿತು. ಕಣ್ಣಿಗೆ ಕಾಣದಷ್ಟು ಸೀಳು. ಮರಳುಕಾಗದದಿಂದ ತಿಕ್ಕಿ ಕೊಟ್ಟ. ಆಮೇಲೆ ಎಣ್ಣೆ ಯಾವಾಗ ಬಿಟ್ಟೆ, ಬರೆದಿಟ್ಟೀಯೇನು ಅಂತ ಶುರುವಾಯಿತಂತೆ. "ಅಷ್ಟು ಬೈಸಿಕೊಳ್ಳೂಕಿಂತ ಹೊಸಾ ಲಾಳಿ ಅಗ್ಗ ಇತ್ರೀ" ಎಂದು ನಕ್ಕರು. ಕಣ್ಣು ಒರೆಸಿಕೊಂಡರು.
ಇದನ್ನು ಹಾಕಬೇಕು. ಬೈಗುಳ ಬಿಟ್ಟು? ಬಿಟ್ಟರೆ ಕಾಕಾ ಉಳಿಯುವುದಿಲ್ಲ.

ಡಿಸೆಂಬರ್ 5
ಟ್ರಂಕಿನಲ್ಲಿ ವಹಿಗಳು. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಹುಡುಗರ ಫೀಗೆ ಕೊಟ್ಟದ್ದು, ವಾಪಸ್ ಬಂದದ್ದು, ಬಾಕಿ. ದಾನ ಅಂತ ಎಲ್ಲೂ ಬರೆದಿಲ್ಲ. ಎಲ್ಲ ಸಾಲ. ಊರ ಸಭೆಯಲ್ಲಿ ಕಾಕಾನದು ಒಂದೇ ಮಾತು: "1905ರಾಗ ಕಣಗಿನಹಾಳದ ಸಿದ್ದನಗೌಡ್ರು ಸಹಕಾರಿ ಸಂಘ ಕಟ್ಟಿದ್ರು. ನಿಮಗ ಇನ್ನೂ ರಸೀದಿ ಬರಿಯಾಕ ಬರೂದಿಲ್ಲ." ಯಾರೂ ಎದುರು ಮಾತಾಡುತ್ತಿರಲಿಲ್ಲ. ಗೌರವವೋ, ಬಾಕಿಯ ಭಯವೋ.
ಒಂದು ಹೆಸರಿನ ಮುಂದೆ ಎರಡು ಸಲ "ಕೇಳಿದೆ" ಎಂದಿದೆ. ಆ ಹುಡುಗಿಯ ಅಪ್ಪ ಆ ವರ್ಷವೇ ತೀರಿದ್ದ. ಗೊತ್ತಿದ್ದೂ ಕೇಳಿದನೇ? ಬೆಳಗಿನಿಂದ ಇದೇ ತಲೆಯಲ್ಲಿ.

ಡಿಸೆಂಬರ್ 6
2011ರ ಫೋಟೊ ಸಿಕ್ಕಿತು. ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಹಳ್ಳಿಗುಡಿ ಕಡೆಯ ಹೊಲ ಬೇಕೆಂದಾಗ ಗದಗಿನಲ್ಲಿ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತನದಲ್ಲಿ ಹೋರಾಟ ನಡೆಯಿತಲ್ಲ, ಆಗಿನದು. ಜುಲೈನಲ್ಲಿ ಸರಕಾರ ಯೋಜನೆ ಕೈಬಿಟ್ಟಿತು. ಗುಂಪಿನ ಅಂಚಿಗೆ ಕಾಕಾ, ಇಸ್ತ್ರಿ ಅಂಗಿ, ಜೇಬಿನಲ್ಲಿ ಪೆನ್ನು. ಕಬ್ಬಿಣದಿಂದಲೇ ಅನ್ನ ಉಂಡವ. ಯಾಕೆ ಹೋದಿ ಅಂತ ಆಗ ಕೇಳಿದ್ದೆ. "ಹೊಲ ಎರಕಾ ಹೊಯ್ಯಾಕ ಬರ್ತೈತೇನು?" ಎಂದ. ಗಣಿಗಾರಿಕೆ ಬೇಡವೆಂದು ಕಪ್ಪತಗುಡ್ಡದ ಗದ್ದಲ ಎದ್ದಾಗಲೂ ಹೋದ. ಹರಿಹರದ ಹಳೇ ಸಂಗಾತಿಯೊಬ್ಬರು ಅಲ್ಲಿಂದ ಮಾತು ಬಿಟ್ಟರು. ಮಣ್ಣಿಗೂ ಬರಲಿಲ್ಲ.
ಕಾಕಾನ ಉತ್ತರ ಚಲೋ ಇದೆ. ಪೂರ್ತಿ ಉತ್ತರ ಅಲ್ಲ.

ಡಿಸೆಂಬರ್ 7, ಶನಿವಾರ
ಬರೆದೆ, ಹರಿದೆ. "ಸಮಾಜಸೇವಕ" ಎಂಬ ಪದ ಕಂಡರೇ ಸಿಟ್ಟು. ಪಕ್ಕದಲ್ಲಿ ಮಗ್ಗದ ಸಪ್ಪಳ, ತಲೆನೋವು. ಬಾಕಿ ಪಟ್ಟಿ ಏನು ಮಾಡೋಣ ಎಂದು ಕಾಕಿಯನ್ನು ಕೇಳಿದೆ. ಹರಿದು ಹಾಕು ಅನ್ನಬಹುದೆಂದುಕೊಂಡಿದ್ದೆ.
"ನಾಳೆ ಎಲ್ಲಾರೂ ಬರ್ತಾರಲ್ಲ, ಆಗ ಕೇಳು."
ನಾಳೆ ಮಾತಾಡುವ ಇಬ್ಬರ ಹೆಸರೂ ಅದರಲ್ಲಿದೆ.