ಕೆಲಸ ಬಿಟ್ಟ ಹುಡುಗಿ, ಮತ್ತೆ ಬೆಂಚಿಗೆ

ಸಂಜೆ ಹೊತ್ತು ನಮ್ಮ ಮನೆಗೆ ಬರುವವರು ಸಾಮಾನ್ಯವಾಗಿ ಟಿ.ಸಿ. ವಿಚಾರಕ್ಕೋ, ತಮಿಳಿನಲ್ಲಿ ಬಂದ ಸರ್ಕಾರಿ ಕಾಗದ ಓದಿಸಿಕೊಳ್ಳುವುದಕ್ಕೋ ಬರುತ್ತಾರೆ. 2024ರ ಮೇ ತಿಂಗಳಲ್ಲಿ ಬಂದವರ ಕೈಯಲ್ಲಿ ಮಾತ್ರ ಇಂಗ್ಲಿಷ್ ಕಾಗದವಿತ್ತು. ನಮ್ಮ ಗುಮ್ಮಳಾಪುರದ ರೈತರೇ. ಮಗಳು ಅಮೆರಿಕದಿಂದ ಫೋನಿಗೆ ಕಳಿಸಿದ್ದನ್ನು ಪ್ರಿಂಟು ಹಾಕಿಸಿಕೊಂಡು ತಂದಿದ್ದರು.

"ಮೇಷ್ಟ್ರೇ, ಇವಳು ಕೆಲಸ ಬಿಡ್ತಾಳಂತೆ. ಮತ್ತೆ ಓದ್ತಾಳಂತೆ. ಮೂವತ್ತು ವರ್ಷಕ್ಕೆ ಯಾರಾದ್ರೂ ಸ್ಕೂಲಿಗೆ ಹೋಗ್ತಾರಾ?"

ನಾವು ಅಂದರೆ ನಾವಿಬ್ಬರೂ. ಗಂಡ ಹೆಂಡತಿ ಇಬ್ಬರೂ ಕನ್ನಡ ಮಾಧ್ಯಮದ ಮೇಷ್ಟ್ರುಗಳು. ಆ ಹುಡುಗಿಗೆ ಅಕ್ಷರ ತಿದ್ದಿಸಿದ್ದು ಒಬ್ಬರು, ಲೆಕ್ಕ ಹೇಳಿಕೊಟ್ಟದ್ದು ಇನ್ನೊಬ್ಬರು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಕಂಪನಿ ಸೇರಿ, 2021ರಲ್ಲಿ ಎಚ್-1ಬಿ ವೀಸಾ ಮೇಲೆ ಹೋದವಳು. ಈಗ ಸಾರ್ವಜನಿಕ ಆರೋಗ್ಯದಲ್ಲಿ ಎಂ.ಎ. ತರಹದ್ದೇನೋ ಓದಬೇಕಂತೆ. ನಮಗೆ ಆಶ್ಚರ್ಯವಾಗಲಿಲ್ಲ. ಧರ್ಮಪುರಿ, ಕೃಷ್ಣಗಿರಿ ಕಡೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬರುತ್ತದೆ. ಐದನೇ ಕ್ಲಾಸಿನಲ್ಲಿ "ಸರ್, ಅವಳು ಹಲ್ಲು ಉಜ್ಜಿದ್ರೂ ಯಾಕೆ ಹೋಗಲ್ಲ?" ಅಂತ ಕೇಳಿದ್ದವಳು ಇವಳೇ. ಆಗ ನಮಗೆ ಉತ್ತರ ಗೊತ್ತಿರಲಿಲ್ಲ.

"ಓದಲಿ ಬಿಡಿ" ಅಂದೆವು. ಅಷ್ಟು ಸಲೀಸಾಗಿ ಅಂದುಬಿಟ್ಟೆವು. ಆಮೇಲೆ ಕಾಗದ ಓದಿದೆವು!

ಕೆಲಸ ಮಾಡುತ್ತಲೇ ಓದಬಹುದಲ್ಲ ಅಂತ ನೀವು ಕೇಳಬಹುದು. ಎಚ್-1ಬಿಯಲ್ಲಿದ್ದು ಓದುವುದಕ್ಕೆ ಕಾನೂನಿನ ಅಡ್ಡಿಯಿಲ್ಲ, ಕೆಲಸ ಮಾತ್ರ ಬಿಡುವಂತಿಲ್ಲ. ಆದರೆ ಇವಳದು ಹಗಲಿನ ತರಗತಿ, ಪೂರ್ಣಾವಧಿ ಕೋರ್ಸು. ಕೆಲಸ ಬಿಟ್ಟ ಮೇಲೆ ಹೆಚ್ಚೆಂದರೆ 60 ದಿನ ಅಲ್ಲಿರಬಹುದು. 2017ರ ಜನವರಿಯಿಂದ ಬಂದ ನಿಯಮ ಇದು. ಅವರಾಗಿ ತೆಗೆದರೂ ನಾವಾಗಿ ಬಿಟ್ಟರೂ ಒಂದೇ ಲೆಕ್ಕ. ಅಷ್ಟರೊಳಗೆ ವಿಶ್ವವಿದ್ಯಾಲಯದಿಂದ ಐ-20 ಪತ್ರ ತರಿಸಿ, 350 ಡಾಲರ್ ಸೆವಿಸ್ ಶುಲ್ಕ ಕಟ್ಟಿ, ಐ-539 ಅರ್ಜಿ ಹಾಕಬೇಕು. ಅದಕ್ಕೆ ಆನ್‌ಲೈನಿನಲ್ಲಾದರೆ 420 ಡಾಲರ್. ಬೇಗ ತೀರ್ಮಾನ ಬೇಕಾದರೆ ಮೇಲೆ 1,965 ಡಾಲರ್. ಇದೆಲ್ಲ 2024ರ ದರ. ಆ ಕೊನೆಯದನ್ನು ರೂಪಾಯಿಗೆ ಗುಣಿಸಿ ಹೇಳಿದಾಗ ಅಪ್ಪ ಸುಮ್ಮನೆ ಕೂತರು. ಒಂದೂವರೆ ಲಕ್ಷ ದಾಟಿತ್ತು. "ಬೇಡ, ನಿಧಾನಕ್ಕೇ ಬರಲಿ" ಅಂದಳು ಮಗಳು. ಸಂಬಳವೇ ಇಲ್ಲದ ದಿನಗಳಿಗೆ ಕೂಡಿಟ್ಟ ದುಡ್ಡು ಬೇಕಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಎಚ್-1ಬಿಯಲ್ಲಿರುವವರು "ಇಲ್ಲೇ ನೆಲೆಸುವ ಆಸೆ ಇದೆ" ಅಂದರೂ ತಪ್ಪಿಲ್ಲ. ಎಫ್-1ಗೆ ಬಂದರೆ ಹಾಗಲ್ಲ, ಓದು ಮುಗಿಸಿ ಊರಿಗೆ ಹೋಗುತ್ತೇನೆ ಅಂತ ನಂಬಿಸಬೇಕು. ಅದೇ ಮನುಷ್ಯಳು, ಅದೇ ಬಾಡಿಗೆ ಮನೆ, ಒಂದು ಅರ್ಜಿಯಿಂದ ಮನಸ್ಸಿನ ದಿಕ್ಕು ಬದಲಾಗಬೇಕು! ಖರ್ಚಿಗೆ ದುಡ್ಡಿದೆ ಅಂತಲೂ ತೋರಿಸಬೇಕು, ಊರಲ್ಲಿ ಬೇರು ಇದೆ ಅಂತಲೂ ತೋರಿಸಬೇಕು. ಹಾಗಾಗಿ ಅಪ್ಪನ ಪಟ್ಟಾ, ಚಿಟ್ಟಾ, ಬ್ಯಾಂಕಿನ ಪತ್ರ ಎಲ್ಲ ನಮ್ಮ ಊಟದ ಮೇಜಿನ ಮೇಲೆ ಬಂದವು.

ತಮಾಷೆ ಶುರುವಾದದ್ದು ಅಲ್ಲಿ. ಅಜ್ಜನ ಹಳೇ ಪತ್ರದಲ್ಲಿ ಸೇಲಂ ಜಿಲ್ಲೆ. ಮಗಳ ಜನನ ಪತ್ರದಲ್ಲಿ ಧರ್ಮಪುರಿ. ಬ್ಯಾಂಕಿನವರು ಕೊಟ್ಟದ್ದರಲ್ಲಿ ಕೃಷ್ಣಗಿರಿ. ಮೂರೂ ನಿಜವೇ. 1965ರಲ್ಲಿ ಸೇಲಂ ಒಡೆದು ಧರ್ಮಪುರಿ ಆಯ್ತು, 2004ರಲ್ಲಿ ಧರ್ಮಪುರಿ ಒಡೆದು ಕೃಷ್ಣಗಿರಿ. ಆ ಹೊಲ ಇದ್ದಲ್ಲೇ ಇದೆ. ಊರಿನ ಹೆಸರೂ ಅಷ್ಟೇ, ನಮ್ಮ ಟಿ.ಸಿ.ಯಲ್ಲಿ ಗುಮ್ಮಳಾಪುರ, ಪಾಸ್‌ಪೋರ್ಟಿನಲ್ಲಿ ಕೊನೆಗೊಂದು ಮಕಾರ ಸೇರಿಕೊಂಡಿದೆ. ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದ ಸಿದ್ಧಲಿಂಗಯತಿಗಳು ನಮ್ಮೂರ ಹೆಸರಿನಿಂದಲೇ ಪ್ರಸಿದ್ಧರು, ಅವರಿಗೆ ಈ ಮಕಾರದ ಕಾಟ ಇರಲಿಲ್ಲ. ಇರಲಿ. ಎರಡು ರಾತ್ರಿ ಕೂತು ತಮಿಳಿನದನ್ನೂ ಕನ್ನಡದದನ್ನೂ ಇಂಗ್ಲಿಷಿಗೆ ಬರೆದುಕೊಟ್ಟೆವು. ಜಿಲ್ಲೆಗಳ ವಿಚಾರಕ್ಕೆ ಒಂದು ಪುಟ ವಿವರಣೆಯನ್ನೂ ಸೇರಿಸಿದೆವು.

ಮೇ ಕೊನೆಗೆ ಕೆಲಸ ಬಿಟ್ಟಳು, ಜುಲೈ ಮೊದಲ ವಾರ ಅರ್ಜಿ ಹಾಕಿದಳು. ಆಗಸ್ಟ್ ಬಂತು, ತರಗತಿ ಶುರುವಾಯ್ತು, ಉತ್ತರ ಬರಲಿಲ್ಲ. ಮಂಜೂರಾಗದೆ ಸೇರಿಸಿಕೊಳ್ಳುವುದಿಲ್ಲ ಅಂದ ವಿಶ್ವವಿದ್ಯಾಲಯ ಐ-20ರ ದಿನಾಂಕವನ್ನು ಜನವರಿಗೆ ತಳ್ಳಿತು. ಕೆಲಸ ಮಾಡುವಂತಿಲ್ಲ, ಓದೂ ಇಲ್ಲ. "ಸರ್, ದಿನಾ ಲೈಬ್ರರಿಗೆ ಹೋಗಿ ಕೂತ್ಕೋತೀನಿ" ಅನ್ನುತ್ತಿದ್ದಳು. ಅಪ್ಪನಿಗೆ ನಾವು ಒಂದು ಸಮಾಧಾನ ಹೇಳುತ್ತಿದ್ದೆವು. ಎಚ್-1ಬಿಯ ಆರು ವರ್ಷದಲ್ಲಿ ಮೂರೇ ಖರ್ಚಾಗಿದೆ, ಮುಂದೆ ಯಾರಾದರೂ ಕೆಲಸಕ್ಕೆ ಕರೆದರೆ ಉಳಿದದ್ದಕ್ಕೆ ಮತ್ತೆ ಲಾಟರಿ ಬೇಕಿಲ್ಲ ಅಂತ.

ಅಕ್ಟೋಬರಿನಲ್ಲಿ ಅಜ್ಜಿ ಮಲಗಿಬಿಟ್ಟರು. ಆ ಹುಡುಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಶಾಲೆಗೆ ತಂದು ಬಿಡುತ್ತಿದ್ದ ಅಜ್ಜಿ. ಮಳೆ ಬಂದರೆ ಸೆರಗು ಹೊದಿಸಿ ಕರೆದುಕೊಂಡು ಹೋಗುತ್ತಿದ್ದರು. ಅರ್ಜಿ ಬಾಕಿ ಇರುವಾಗ ಅಮೆರಿಕ ಬಿಟ್ಟು ಹೊರಟರೆ ಅರ್ಜಿ ಕೈಬಿಟ್ಟ ಹಾಗೆ. ಆಮೇಲೆ ಚೆನ್ನೈ ಕಾನ್ಸುಲೇಟಿನಲ್ಲಿ ಸಂದರ್ಶನಕ್ಕೆ ನಿಂತು ಹೊಸದಾಗಿ ಎಫ್-1 ವೀಸಾ ಪಡೆಯಬೇಕು, ಅವರು ಇಲ್ಲ ಅಂದರೆ ಕೆಲಸವೂ ಇಲ್ಲ, ಓದೂ ಇಲ್ಲ.

"ಅವಳಿಗೆ ಹೇಳೋದು ಬೇಡ" ಅಂದರು ಅಪ್ಪ. ನಾವಿಬ್ಬರೂ ಆ ರಾತ್ರಿ ಜಗಳವಾಡಿದೆವು. ಹೇಳಬೇಕು ಅಂತ ಒಬ್ಬರು, ಹೇಳಿ ಏನು ಮಾಡಿಸುತ್ತೀರಿ ಅಂತ ಇನ್ನೊಬ್ಬರು. ಕೊನೆಗೆ ಹೇಳಿದೆವು. ಆ ಕಡೆ ಬಹಳ ಹೊತ್ತು ಮಾತಿಲ್ಲ. "ಬರ್ಲಾ ಸರ್?" ಅಂದಳು.

ಬಾ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. "ನೀನೇ ಯೋಚನೆ ಮಾಡಮ್ಮ" ಅಂದೆವು. ಓದಲಿ ಬಿಡಿ ಅಂದಷ್ಟು ಸಲೀಸಾಗಿ ಇದಕ್ಕೆ ಬಾಯಿ ಬರಲಿಲ್ಲ.

ಬರಲಿಲ್ಲ ಅವಳು. ಫೋನಿನಲ್ಲೇ ಅಜ್ಜಿಯ ಮುಖ ನೋಡಿದಳು. ಮಣ್ಣು ಮಾಡಿ ಬಂದ ದಿನ ಅಪ್ಪ ನಮ್ಮ ಜಗಲಿಯ ಮೇಲೆ ಕೂತು ಕೇಳಿದರು. "ವಾಪಸ್ ಬರ್ತಾಳೆ ಅಂತ ತೋರಿಸೋಕೆ ತಾನೇ ನನ್ನ ಪಟ್ಟಾ ಕಳ್ಸಿದ್ದು?" ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಡಿಸೆಂಬರಿನಲ್ಲಿ ಮಂಜೂರಾಯ್ತು. 2025ರ ಜನವರಿಗೆ ತರಗತಿಗೆ ಹೋದಳು. ಆದರೆ ಬದಲಾದದ್ದು ಸ್ಟೇಟಸ್, ವೀಸಾ ಅಲ್ಲ. ಇವೆರಡೂ ಒಂದೇ ಅಂದುಕೊಂಡಿದ್ದೆವು ನಾವು. ಸ್ಟೇಟಸ್ ಅಂದರೆ ಮನೆಯೊಳಗೆ ಇರುವುದಕ್ಕೆ ಕೊಟ್ಟ ಒಪ್ಪಿಗೆ, ವೀಸಾ ಅಂದರೆ ಹೊಸಿಲಿಗೆ ಬಂದು ನಿಲ್ಲುವ ಚೀಟಿ. ಒಳಗಿದ್ದಷ್ಟು ದಿನ ತೊಂದರೆಯಿಲ್ಲ. ಊರಿಗೆ ಬಂದರೆ ತಿರುಗಿ ಹೋಗುವ ಮೊದಲು ಚೆನ್ನೈ ಸಂದರ್ಶನ ತಪ್ಪಿದ್ದಲ್ಲ. ಆ ಬೇಸಿಗೆ ರಜೆಗೆ ಬರಬೇಕು ಅಂತಿದ್ದಳು. ಮೇ 27ರಂದು ವಿದ್ಯಾರ್ಥಿ ವೀಸಾಗಳಿಗೆ ಹೊಸ ಸಂದರ್ಶನದ ದಿನ ಕೊಡುವುದನ್ನೇ ಅಮೆರಿಕ ನಿಲ್ಲಿಸಿತು. ಜೂನ್ 18ಕ್ಕೆ ಮತ್ತೆ ಶುರುವಾದಾಗ ಫೇಸ್‌ಬುಕ್ಕು ಗೀಸ್‌ಬುಕ್ಕು ಎಲ್ಲ ತೆರೆದಿಡಬೇಕು ಅಂದರು. ಧೈರ್ಯ ಸಾಲಲಿಲ್ಲ ಅವಳಿಗೆ. ಅಜ್ಜಿಯ ವರ್ಷದ ತಿಥಿಯೂ ಫೋನಿನಲ್ಲೇ ಆಯ್ತು.

ಮೊನ್ನೆ ಅಪ್ಪ ಮತ್ತೆ ಬಂದಿದ್ದರು. ಮುಂದೆ ಚೆನ್ನೈಗೆ ಬೇಕಾಗಬಹುದು ಅಂತ ಪಟ್ಟಾದ ಹೊಸ ಪ್ರತಿ ತೆಗೆಸಿದ್ದಾರೆ. "ಜಿಲ್ಲೆ ಯಾವುದು ಅಂತ ಹಾಕವ್ರೆ ನೋಡಿ ಮೇಷ್ಟ್ರೇ" ಅಂದರು. ಕೃಷ್ಣಗಿರಿ ಅಂತಲೇ ಇತ್ತು.