ಹಳಿಯ ಮೈಬಣ್ಣ

ರೈಲು ಹಳಿಯ ಬಣ್ಣ ಯಾವುದೆಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಕಪ್ಪು ಎನ್ನುತ್ತಾರೆ, ಉಳಿದವರು ಬೆಳ್ಳಿ ಎನ್ನುತ್ತಾರೆ. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರಂ ಅಂಚಿನಲ್ಲಿ ಗಾಡಿ ತಡವಾದ ಒಂದು ಮಧ್ಯಾಹ್ನ ಸುಮ್ಮನೆ ಕೆಳಗೆ ನೋಡುತ್ತ ನಿಂತರೆ ಈ ಎರಡೂ ಉತ್ತರ ಬಿದ್ದುಹೋಗುತ್ತವೆ. ಬೆಳ್ಳಿ ಇರುವುದು ಹಳಿಯ ನೆತ್ತಿಗೆ ಮಾತ್ರ, ಅದೂ ಗಾಲಿ ಉಜ್ಜುವಷ್ಟು ಅಗಲಕ್ಕೆ. ಪಕ್ಕೆಯೆಲ್ಲ ತುಕ್ಕು. ಹೊಸ ಹಳಿಯದು ಕಿತ್ತಳೆಗೆ ಹತ್ತಿರದ ತುಕ್ಕು, ಹಳೆಯದರದು ಕಾಸಿದ ಬೆಲ್ಲದ ತಳದಂಥ ಗಾಢ ಕಂದು. ಅದರ ಮೇಲೆ ಬ್ರೇಕಿನ ಕಬ್ಬಿಣದ ಪುಡಿ, ಡೀಸೆಲ್ಲಿನ ಜಿಡ್ಡು, ಎಲೆ ಅಡಿಕೆಯ ಉಗುಳು, ಎಲ್ಲದರ ಮೇಲೆ ಸಿಮೆಂಟಿನ ಬೂದು.

ಚಿತ್ತಾಪುರದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಪ್ಲೈವುಡ್ ಹಲಗೆಯ ಮೇಲೆ ಒಂದು ಪುಟ್ಟ ವಾಡಿ ಇದೆ. ಎಂಬತ್ತೇಳನೇ ಒಂದು ಪಾಲಿನ ಅಳತೆಯದು. ಮಾದರಿ ರೈಲಿನ ಹವ್ಯಾಸದವರು ಇದನ್ನು ಎಚ್‌ಒ ಎನ್ನುತ್ತಾರೆ. ನಮ್ಮ ಬ್ರಾಡ್‌ಗೇಜಿನ ಅಗಲ 1,676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.26 ಬರುತ್ತದೆ. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5, ಅದು ಯುರೋಪು, ಅಮೆರಿಕದ 1,435 ಮಿ.ಮೀ. ದಾರಿಯ ಪಡಿಯಚ್ಚು. ಹಾಗಾಗಿ ನನ್ನ ವಾಡಿಯ ಹಳಿಗಳು ಸುಮಾರು ಮೂರು ಮಿಲಿಮೀಟರ್ ಒತ್ತಾಗಿವೆ. ಆದರೂ ನೋಡಲು ಬಂದವರು ಇದು ವಾಡಿ ಎಂದು ಕೂಡಲೇ ಹೇಳುತ್ತಾರೆ. ಊರಿನ ಗುರುತು ಕಣ್ಣಿಗೆ ಹತ್ತುವುದು ಅಗಲದಿಂದಲ್ಲ, ಬಣ್ಣದಿಂದ. ಇದನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ.

ಈ ದಾರಿಗಳಿಗೆ ವಯಸ್ಸಾಗಿದೆ. ಮುಂಬೈ ಕಡೆಯಿಂದ ಬಂದ ಜಿಐಪಿ ರೈಲ್ವೆ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸಿನ ದಾರಿಯನ್ನು ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಹಾದು ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ನಾನು ಮಾಡುತ್ತಿರುವುದು ಅಷ್ಟು ಹಿಂದಿನದಲ್ಲ, ಡೀಸೆಲ್ ಕಾಲದ ವಾಡಿ. ಮೇಲೆ ವಿದ್ಯುತ್ ತಂತಿ ಬಂದಿಲ್ಲ, ಬೋಗಿಗಳಿಗೆ ಬಯೋ-ಟಾಯ್ಲೆಟ್ ಇಲ್ಲ. ಶೌಚದ ನೀರು ನೇರ ಹಳಿಯ ಮೇಲೆ ಬಿದ್ದು ನಿಲ್ದಾಣದ ಹಳಿಗಳ ತುಕ್ಕು ಪದರು ಪದರಾಗಿ ಏಳುತ್ತಿದ್ದ ಕಾಲ. ಅದಕ್ಕೆಂದೇ ಪ್ಲಾಟ್‌ಫಾರಂ ಪಕ್ಕದ ಹಳಿಗೆ ನಾನು ಬಣ್ಣವನ್ನು ನುಣ್ಣಗೆ ಬಳಿಯುವುದಿಲ್ಲ. ಬಣ್ಣಕ್ಕೆ ಚಿಟಿಕೆ ಕಲ್ಲಿನ ಹಿಟ್ಟು ಬೆರೆಸಿ, ಕುಂಚದ ತುದಿಯಿಂದ ಕುಟ್ಟುತ್ತೇನೆ.

ಕೆಲಸದ ಕ್ರಮ ನಿಧಾನದ್ದು, ಸುಖ ಇರುವುದೂ ಆ ನಿಧಾನದಲ್ಲೇ. ಮೊದಲು ಬರ್ನ್ಟ್ ಅಂಬರ್‌ಗೆ ಸ್ವಲ್ಪ ಬರ್ನ್ಟ್ ಸಿಯೆನ್ನಾ ಬೆರೆಸಿ ಹಳಿಯ ಎರಡೂ ಪಕ್ಕೆಗೆ ಹಚ್ಚುವುದು. ಹೊಳಪು ಒಂದಿಷ್ಟೂ ಇರಬಾರದು. ಹಸಿ ಇರುವಾಗಲೇ ಬಟ್ಟೆ ಸುತ್ತಿದ ಬೆರಳಿನಿಂದ ನೆತ್ತಿಯನ್ನು ಒರೆಸಿಬಿಡಬೇಕು, ಏಕೆಂದರೆ ಎಂಜಿನ್ನಿಗೆ ಹನ್ನೆರಡು ವೋಲ್ಟ್ ಕರೆಂಟು ಏರುವುದು ಅಲ್ಲಿಂದಲೇ. ಆಮೇಲೆ ಸ್ಲೀಪರು. ಎಲ್ಲ ಸ್ಲೀಪರಿಗೂ ಒಂದೇ ಬಣ್ಣ ಕೊಟ್ಟರೆ ಆಟಿಕೆಯಾಗುತ್ತದೆ. ಮುಖ್ಯ ದಾರಿಯ ಕಾಂಕ್ರೀಟ್ ಸ್ಲೀಪರಿಗೆ ಬಿಳಿಚಿದ ಬೂದು, ಹಳಿ ಕೂರುವ ಜಾಗದ ಸುತ್ತ ಇಳಿದ ತುಕ್ಕಿನ ಕಲೆ. ಹಳೆಯ ಸೈಡಿಂಗಿನ ಮರದ ಸ್ಲೀಪರಿಗೆ ಬಿಸಿಲಲ್ಲಿ ಸೀಳಿದ ಕಟ್ಟಿಗೆಯ ಬೆಳ್ಳಗಿನ ಕಂದು. ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿ ಬಳಿಯುತ್ತ ಕೂತರೆ ಹೊರಗೆ ಸಂಜೆಯಾದದ್ದು ಗೊತ್ತಾಗುವುದಿಲ್ಲ.

ಹಳಿಯ ಕೆಳಗೆ ಹಾಸುವ ಖಡಿಯ ವಿಷಯ ಇನ್ನೂ ಸ್ವಾರಸ್ಯದ್ದು. ವಾಡಿ, ಶಹಾಬಾದ, ಚಿತ್ತಾಪುರದ ನೆಲ ಸುಣ್ಣಗಲ್ಲಿನದು. ಇಲ್ಲಿ ನೆಲ ಅಗೆದರೆ ಫರಸಿ. ಮನೆಯ ಅಂಗಳ, ಗೋಡೆ, ಎಷ್ಟೋ ಕಡೆ ಮಾಳಿಗೆ ಕೂಡ ಆ ಕಲ್ಲಿನದೇ. ಆದರೆ ಹಳಿಯ ಕೆಳಗೆ ಫರಸಿಯ ಚೂರು ನಡೆಯುವುದಿಲ್ಲ, ಅಷ್ಟು ಭಾರಕ್ಕೆ ಅದು ಪುಡಿಯಾದೀತು. ಅಲ್ಲಿಗೆ ಗಟ್ಟಿ ಕರಿಕಲ್ಲೇ ಬೇಕು. ಹೀಗೆ ಬೆಳ್ಳನೆಯ ನೆಲದ ಮೇಲೆ ಕಪ್ಪು ಖಡಿಯ ಪಟ್ಟಿ, ಅದರ ಮೇಲೆ ಮತ್ತೆ ಬೆಳ್ಳನೆಯ ಧೂಳು: ನಮ್ಮ ಸೀಮೆಯ ರೈಲುದಾರಿಯ ಚೆಲುವು ಈ ಮೂರು ಪದರಿನಲ್ಲಿದೆ. ಐವತ್ತು ಮಿ.ಮೀ. ಖಡಿ ನನ್ನ ಹಲಗೆಗೆ ಬರುವಾಗ ಅರ್ಧ ಮಿ.ಮೀ.ಗಿಂತ ತುಸು ದಪ್ಪ, ರವೆಯಷ್ಟು. ಕ್ರಷರಿನ ಪುಡಿಯನ್ನು ಎರಡು ಸಾಣಿಗೆಯಲ್ಲಿ ಹಿಡಿದು, ಅದರ ಮೇಲೆ ಆಯಸ್ಕಾಂತ ಆಡಿಸುತ್ತೇನೆ. ಕರಿಕಲ್ಲಿನಲ್ಲಿ ಕಬ್ಬಿಣದ ಅಂಶದ ಕಣ ಇರುತ್ತದೆ. ಬಿಟ್ಟರೆ ಅದು ಎಂಜಿನ್ನಿನ ಮೋಟಾರಿಗೆ ಹೋಗಿ ಅಂಟುತ್ತದೆ. ಉಳಿದದ್ದನ್ನು ಸ್ಲೀಪರುಗಳ ನಡುವೆ ಚಮಚದಿಂದ ಸುರಿದು, ಕುಂಚದಿಂದ ತೀಡಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರು ಸಿಂಪಡಿಸಬೇಕು. ನಂತರ ತೆಳುಮಾಡಿದ ಫೆವಿಕಾಲನ್ನು ಡ್ರಾಪರಿನಿಂದ ಹನಿಹನಿಯಾಗಿ ಬಿಟ್ಟು ರಾತ್ರಿಯಿಡೀ ಒಣಗಲು ಬಿಡುವುದು. ಒದ್ದೆಯಾದ ಖಡಿ ಜುಲೈ ತಿಂಗಳ ಯಾರ್ಡಿನಂತೆ ಕಪ್ಪಾಗಿ ಮಿನುಗುತ್ತದೆ, ಬೆಳಗಾಗುವಷ್ಟರಲ್ಲಿ ಮಂಕಾಗುತ್ತದೆ. ನನಗೆ ಬೇಕಾದದ್ದು ಆ ಮಂಕು.

ಧೂಳಿಗೆ ಮಾತ್ರ ನಾನು ಯಾವ ಡಬ್ಬಿಯ ಬಣ್ಣವನ್ನೂ ಮುಟ್ಟುವುದಿಲ್ಲ. ಫರಸಿ ಪಾಲಿಶ್ ಮಾಡುವಲ್ಲಿ ನೀರಿನೊಡನೆ ಹರಿದು ಒಣಗಿದ ಹಿಟ್ಟು ಬೇಕಾದಷ್ಟು ಸಿಗುತ್ತದೆ. ಹಳೆಯ ಧೋತರದ ತುಂಡಿನಲ್ಲಿ ಸೋಸಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ. ಸಿಮೆಂಟ್ ತುಂಬುವ ಸೈಡಿಂಗಿನ ಮೇಲೆ ಅದನ್ನು ಧಾರಾಳವಾಗಿ ಉದುರಿಸುತ್ತೇನೆ, ಮುಖ್ಯ ದಾರಿಗೆ ಬರುಬರುತ್ತ ತೆಳುಮಾಡುತ್ತೇನೆ. ನಿಜವಾದ ಸೈಡಿಂಗಿನಲ್ಲಿ ಬಿದ್ದ ಸಿಮೆಂಟು ಇಬ್ಬನಿ ಕುಡಿದು ಅಲ್ಲೇ ಗಟ್ಟಿಯಾಗಿ, ಖಡಿಯ ಸಂದುಗಳೆಲ್ಲ ಮುಚ್ಚಿ ಹೆಪ್ಪುಗಟ್ಟಿರುತ್ತದೆ. ಕಲ್ಲಿದ್ದಲಿನ ವ್ಯಾಗನ್ ಖಾಲಿಯಾಗುವ ಕಡೆ ಅದೇ ಬೂದಿನ ಮೇಲೆ ಕಪ್ಪು ಉದುರಿರುತ್ತದೆ. ಎರಡೂ ಸೇರುವ ಗಜದಷ್ಟು ಜಾಗ ನಿಜದಲ್ಲಿ ಯಾರ ಕಣ್ಣಿಗೂ ಬೀಳದು. ಹಲಗೆಯ ಮೇಲೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅದೇ.

ಪಕ್ಕದ ಓಣಿಯಲ್ಲಿ ಗ್ಯಾಂಗ್‌ಮನ್ ಆಗಿ ನಿವೃತ್ತರಾದ ಕಾಕಾ ಒಬ್ಬರಿದ್ದಾರೆ. ಹಳಿ ಕವಲೊಡೆಯುವ ಪಾಯಿಂಟುಗಳಿಗೆ ಬಣ್ಣ ಹಚ್ಚುವ ಮುಂಚೆ ಅವರನ್ನು ಕರೆದು ತೋರಿಸಿದೆ. ಚಶ್ಮಾ ಏರಿಸಿ, ಹಲಗೆಗೆ ಮುಖ ತಾಗುವಷ್ಟು ಬಗ್ಗಿ ನೋಡಿದರು.

“ಖಡಿ ಛಂದ್ ಕುಂತದ ತಮ್ಮಾ. ಪಾಯಿಂಟಿನ ಬುಡಕ್ಕ ಎಣ್ಣಿ ಕರ್ರಗ ತೋರಿಸು. ಒಣ ಪಾಯಿಂಟ್ ಸರಿಯಲ್ಲ.”

“ಹಳಿ ಕೂಡೋ ಕಡಿಗೆ ಕಾಕಾ?”

“ಅಲ್ಲೀನೂ ಗ್ರೀಸ್ ಹಚ್ತಿದ್ವಿ. ಬ್ಯಾಸಗಿ ಬಿಸಲಿಗಿ ಅದು ಕರಗಿ ಕೆಳಗ ಇಳೀತಿತ್ತು. ಎಂಜಿನ್ ನಿಲ್ಲೋ ಜಾಗಾ ಅಂತೂ ಪೂರಾ ಕಪ್ಪ.”

ಅವರು ಹೇಳಿದಂತೆ ಫಿಶ್‌ಪ್ಲೇಟುಗಳ ಬಳಿ ಕಪ್ಪು ಇಂಕನ್ನು ಸ್ಪಿರಿಟ್ಟಿನಲ್ಲಿ ತೆಳುಮಾಡಿ ಒಂದೊಂದು ಹನಿ ಬಿಟ್ಟೆ. ಸಿಗ್ನಲಿನ ಮುಂದೆ ಎಂಜಿನ್ ಕಾಯುವಲ್ಲಿ ಎರಡು ಹಳಿಗಳ ನಡುವೆ ಉದ್ದನೆಯ ಜಿಡ್ಡಿನ ಕಲೆ ಬಂತು. ಜೀವನವೆಲ್ಲ ಬಗ್ಗಿ ಹಳಿ ನೋಡಿದವರ ಕಣ್ಣಿಗೆ ಸಮನಾದ ಬಣ್ಣದ ಪುಸ್ತಕ ಎಲ್ಲೂ ಅಚ್ಚಾಗಿಲ್ಲ.

ಮಾದರಿ ರೈಲಿಗೆ ಹೀಗೆ ಹಳೆತನ ಕೊಡುವ ವಿದ್ಯೆಯನ್ನು ಜನಪ್ರಿಯಗೊಳಿಸಿದವರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯ ಜಾನ್ ಅಲೆನ್ ದೊಡ್ಡ ಹೆಸರು. ವೃತ್ತಿಯಿಂದ ಛಾಯಾಗ್ರಾಹಕರು. ಮಾದರಿ ರೈಲೆಂದರೆ ಹೊಸದಾಗಿ ಥಳಥಳಿಸಬೇಕು ಎಂದು ಬಹುಮಂದಿ ತಿಳಿದಿದ್ದ ಕಾಲದಲ್ಲಿ ತುಕ್ಕು, ಮಸಿ, ಮಾಸಿದ ಬಣ್ಣ ತಂದರು. 1973ರಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಅವರ ಲೇಔಟ್ ಬೆಂಕಿಗೆ ಆಹುತಿಯಾಯಿತು. ಉಳಿದದ್ದು ಫೋಟೋಗಳು. ನಮ್ಮ ಕಡೆಯವರಿಗೆ ಹತ್ತಿರವೆಂದರೆ ಪುಣೆಯ ಕೊಥ್ರೂಡಿನಲ್ಲಿ 1998ರಲ್ಲಿ ತೆರೆದ ಜೋಶಿಯವರ ಪುಟಾಣಿ ರೈಲುಗಳ ಸಂಗ್ರಹಾಲಯ. ವಾಡಿಯಲ್ಲಿ ಗಾಡಿ ಹತ್ತಿದರೆ ಸೊಲ್ಲಾಪುರ ದಾಟಿ ನೇರ ಪುಣೆ. ರೈಲಿನ ಹುಚ್ಚಿರುವ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಬೇಕು.

ಈಗ ಹಲಗೆಗೆ ಹೊಸ ತುಂಡು ಸೇರಿದೆ, ಮಳಖೇಡ ರೋಡ್ ಕಡೆಯದು. ರಾಷ್ಟ್ರಕೂಟರ ಮಾನ್ಯಖೇಟದ ಹೆಸರು ಹೊತ್ತ ನಿಲ್ದಾಣ. ಇಲ್ಲಿ ಎರೆಮಣ್ಣು ಖಡಿಯ ಅಂಚಿನವರೆಗೂ ಬರಬೇಕು. ಯಾವ ತಿಂಗಳು ತೋರಿಸಲಿ ಎಂದು ಬಹಳ ಯೋಚಿಸಿ ಡಿಸೆಂಬರ್ ಆರಿಸಿಕೊಂಡಿದ್ದೇನೆ. ಆಗ ತೊಗರಿ ಕೊಯ್ಲಿಗೆ ಬಂದಿರುತ್ತದೆ, ಮಳೆಗಾಲದಲ್ಲಿ ಹಳಿಯ ಪಕ್ಕ ಎದ್ದ ಹುಲ್ಲು ಹಳದಿಗೆ ತಿರುಗಿರುತ್ತದೆ, ಮಳೆ ತೊಳೆದಿದ್ದ ಸ್ಲೀಪರುಗಳ ಮೇಲೆ ಧೂಳು ಮತ್ತೆ ಕೂರತೊಡಗಿರುತ್ತದೆ. ಹುಲ್ಲಿಗೆ ಸೆಣಬಿನ ನಾರು ತಂದಿಟ್ಟಿದ್ದೇನೆ. ಅದನ್ನು ನಾಲ್ಕೈದು ಮಿಲಿಮೀಟರಿನಂತೆ ಕತ್ತರಿಸಿ, ಅರ್ಧಕ್ಕೆ ಹಳದಿ, ಇನ್ನರ್ಧಕ್ಕೆ ತುಸು ಹಸಿರು ಉಳಿದಂತೆ ಬಣ್ಣ ಹಾಕಬೇಕು.